ಐದು ನಿಮಿಷದ ಬೆಂಕಿಯಲ್ಲಿ ನ್ಯಾನೊ ಪುಡಿ: ಜಿಂಕ್ ಆಕ್ಸೈಡ್ ಮಾಡುವ ದಾರಿ

ಆಲ್ಫಾ ಅಲ್ಯೂಮಿನಾ, ಅಂದರೆ ಅಲ್ಯೂಮಿನಿಯಂ ಆಕ್ಸೈಡಿನ ಗಟ್ಟಿ ರೂಪ, ಬೇಕೆಂದರೆ ಸಾಮಾನ್ಯವಾಗಿ 1100 ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ ಗಂಟೆಗಟ್ಟಲೆ ಸುಡಬೇಕು. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಜೆ. ಕಿಂಗ್ಸ್ಲಿ ಮತ್ತು ಕೆ. ಸಿ. ಪಾಟೀಲ್ ಅದೇ ಪುಡಿಯನ್ನು 500 ಡಿಗ್ರಿಯ ಫರ್ನೇಸಿನಲ್ಲಿ ಸುಮಾರು ಐದು ನಿಮಿಷದಲ್ಲಿ ಮಾಡಿದ್ದನ್ನು ಪ್ರಕಟಿಸಿದರು. ಅವರು ಒಳಗಿಟ್ಟಿದ್ದು ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ಕರಗಿಸಿದ ನೀರು. ಮಿಕ್ಕ ಬಿಸಿ ಎಲ್ಲಿಂದ ಬಂತು? ಆ ದ್ರಾವಣವೇ ಕುದಿದು, ಉಬ್ಬಿ, ಹೊತ್ತಿಕೊಂಡಿತು. ಜ್ವಾಲೆಯ ಬಿಸಿ 1500 ಡಿಗ್ರಿಯ ಆಸುಪಾಸಿಗೆ ಹೋಯಿತು. ಫರ್ನೇಸು ಮಾಡಿದ್ದು ಕಡ್ಡಿ ಗೀರುವ ಕೆಲಸ ಮಾತ್ರ.

ಇದಕ್ಕೆ ಈಗ ಸಲ್ಯೂಷನ್ ಕಂಬಶ್ಚನ್ ಸಿಂಥೆಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ದ್ರಾವಣ ದಹನ ವಿಧಾನ ಅನ್ನಬಹುದು. ಇವತ್ತು ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ನಡೆಯುತ್ತದೆ, ಕರ್ನಾಟಕದ ಎಂಎಸ್ಸಿ ಪ್ರಾಜೆಕ್ಟುಗಳಲ್ಲಂತೂ ತೀರಾ ಸಾಮಾನ್ಯ. ಮಾಡೋದು ಸುಲಭ, ಸರಿಯಾಗಿ ಮಾಡೋದು ಅಷ್ಟು ಸುಲಭ ಅಲ್ಲ. ಬೆಂಕಿ ಹೊತ್ತಿಕೊಂಡ ಮೇಲೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಉರಿ ಕಡಿಮೆ ಮಾಡಲು ಆಗದು, ಮಧ್ಯೆ ನಿಲ್ಲಿಸಲೂ ಆಗದು. ಹಾಗಾಗಿ ನಿಮ್ಮ ಹಿಡಿತ ಇರುವುದು ಹೊತ್ತುವ ಮೊದಲಿನ ಲೆಕ್ಕ ಮತ್ತು ತೂಕದಲ್ಲಿ. ಈ ಲೇಖನದಲ್ಲೂ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಉದಾಹರಣೆಗೆ ಜಿಂಕ್ ಆಕ್ಸೈಡ್ ತೆಗೆದುಕೊಳ್ಳೋಣ. ಅಗ್ಗ, ಬೇರೆ ಎಷ್ಟೋ ಲೋಹಗಳ ಉಪ್ಪಿಗೆ ಹೋಲಿಸಿದರೆ ವಿಷ ಕಡಿಮೆ, ಮತ್ತು ಆದ ತಪ್ಪನ್ನು ಪುಡಿಯ ಬಣ್ಣವೇ ತೋರಿಸಿಬಿಡುತ್ತದೆ. ಇದು ಕಾಲೇಜು ಅಥವಾ ಸಂಸ್ಥೆಯ ಲ್ಯಾಬಿನಲ್ಲಿ, ಮೇಲ್ವಿಚಾರಕರ ಎದುರಿನಲ್ಲಿ ಮಾಡುವ ಕೆಲಸ. ಮನೆಯ ಅಡುಗೆಮನೆಯಲ್ಲೋ ಟೆರೇಸಿನ ಮೇಲೋ ಮಾಡುವಂಥದ್ದು ಖಂಡಿತ ಅಲ್ಲ. ಕಾರಣ ಮುಂದೆ ಬರುತ್ತದೆ.

ಒಳಗೆ ನಡೆಯುವುದೇನು

ನೈಟ್ರೇಟ್‌ನಲ್ಲಿ ಆಕ್ಸಿಜನ್ ತುಂಬಿದೆ. ಯೂರಿಯಾದಲ್ಲಿ ಉರಿಯಬಲ್ಲ ಕಾರ್ಬನ್ ಮತ್ತು ಹೈಡ್ರೋಜನ್ ಇವೆ. ಎರಡನ್ನೂ ನೀರಿನಲ್ಲಿ ಕರಗಿಸಿದರೆ ಅಣುವಿನ ಮಟ್ಟದಲ್ಲಿ ಬೆರೆಯುತ್ತವೆ. ನೀರು ಆವಿಯಾದ ಮೇಲೆ ಉಳಿಯುವುದು ಇಂಧನವೂ ಅದನ್ನು ಉರಿಸುವ ಆಕ್ಸಿಜನ್ನೂ ಒಟ್ಟಿಗೇ ಇರುವ ಅಂಟು. ಬಿಸಿ ತಾಗಿದರೆ ಅದು ತನ್ನಷ್ಟಕ್ಕೆ ಉರಿಯುತ್ತದೆ, ಹೊರಗಿನ ಗಾಳಿಗೆ ಕಾಯುವುದಿಲ್ಲ.

ಕಣಗಳು ಇಷ್ಟು ಸಣ್ಣದಾಗುವುದು ಅನಿಲದಿಂದ. ಮೂರು ಮೋಲ್ ಜಿಂಕ್ ನೈಟ್ರೇಟ್ ಮತ್ತು ಐದು ಮೋಲ್ ಯೂರಿಯಾ ಸೇರಿ ಉರಿದರೆ ಮೂರು ಮೋಲ್ ಜಿಂಕ್ ಆಕ್ಸೈಡ್ ಸಿಗುತ್ತದೆ. ಜೊತೆಗೆ ಐದು ಮೋಲ್ ಕಾರ್ಬನ್ ಡೈಆಕ್ಸೈಡ್, ಹತ್ತು ಮೋಲ್ ನೀರಾವಿ, ಎಂಟು ಮೋಲ್ ನೈಟ್ರೋಜನ್ ಹೊರಬರುತ್ತವೆ. ನೈಟ್ರೇಟ್ ಹರಳಿನಲ್ಲಿ ಮೊದಲೇ ಇದ್ದ ನೀರನ್ನು ಇದರಲ್ಲಿ ಸೇರಿಸಿಲ್ಲ. ಅಂದರೆ ಒಂದು ಮೋಲ್ ಪುಡಿಗೆ ಏಳೂವರೆಗಿಂತ ಜಾಸ್ತಿ ಮೋಲ್ ಅನಿಲ. ಈ ಅನಿಲ ನುಗ್ಗಿ ಹೊರಟಾಗ ಹರಳುಗಳು ಒಂದಕ್ಕೊಂದು ಅಂಟಿ ಬೆಳೆಯಲು ಪುರುಸೊತ್ತು ಸಿಗುವುದಿಲ್ಲ. ಬಿಸಿಯನ್ನೂ ಅದು ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಈ ಪುಡಿಯ ಮೈ ತುಂಬ ತೂತು.

ಮೊದಲು ಲೆಕ್ಕ

ಇಂಧನ ಎಷ್ಟು ಹಾಕಬೇಕು? ಇದರ ಲೆಕ್ಕ ಬಂದದ್ದು ರಾಕೆಟ್ ಇಂಧನದ ರಸಾಯನದಿಂದ. 1981ರಲ್ಲಿ ಜೈನ್, ಅಡಿಗ ಮತ್ತು ಪೈ ವೆರ್ಣೇಕರ್ ಇಂಥ ಮಿಶ್ರಣಗಳಿಗೆ ಒಂದು ಸರಳ ವಿಧಾನ ಕೊಟ್ಟರು. ಇಡೀ ಸಮೀಕರಣ ಬರೆದು ಸರಿದೂಗಿಸುವ ತಾಪತ್ರಯ ಬೇಡ, ಪ್ರತಿ ಧಾತುವಿನ ವೇಲೆನ್ಸಿ ಕೂಡಿಸಿದರೆ ಸಾಕು.

ಕಾರ್ಬನ್‌ಗೆ +4, ಹೈಡ್ರೋಜನ್‌ಗೆ +1. ಲೋಹಕ್ಕೆ ಅದರದ್ದೇ ವೇಲೆನ್ಸಿ, ಜಿಂಕ್‌ಗಾದರೆ +2. ಆಕ್ಸಿಜನ್‌ಗೆ −2. ನೈಟ್ರೋಜನ್‌ಗೆ ಸೊನ್ನೆ, ಯಾಕೆಂದರೆ ಅದು ಕೊನೆಗೆ ನೈಟ್ರೋಜನ್ ಅನಿಲವಾಗಿಯೇ ಹೊರಟುಹೋಗುತ್ತದೆ ಎಂದು ಹಿಡಿಯುತ್ತೇವೆ.

ಜಿಂಕ್ ನೈಟ್ರೇಟ್‌ನಲ್ಲಿ ಒಂದು ಜಿಂಕ್, ಎರಡು ನೈಟ್ರೋಜನ್, ಆರು ಆಕ್ಸಿಜನ್ ಇವೆ. ಕೂಡಿಸಿದರೆ 2 + 0 − 12 = −10. ಹರಳಿನೊಳಗಿನ ಆರು ನೀರಿನ ಅಣುಗಳ ಲೆಕ್ಕ ತಾನೇ ಸೊನ್ನೆಯಾಗುತ್ತದೆ, ಅದನ್ನು ಬಿಟ್ಟುಬಿಡಿ. ಯೂರಿಯಾದಲ್ಲಿ ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್, ಎರಡು ನೈಟ್ರೋಜನ್, ಒಂದು ಆಕ್ಸಿಜನ್. ಅದು 4 + 4 + 0 − 2 = +6. ಎರಡೂ ಸರಿದೂಗಬೇಕಾದರೆ 10ನ್ನು 6ರಿಂದ ಭಾಗಿಸಿ: ಒಂದು ಮೋಲ್ ಜಿಂಕ್ ನೈಟ್ರೇಟ್‌ಗೆ 1.67 ಮೋಲ್ ಯೂರಿಯಾ. ಮೇಲೆ ಹೇಳಿದ ಮೂರಕ್ಕೆ ಐದು ಕೂಡ ಇದೇ ಅನುಪಾತ.

ಇದನ್ನೇ ಅಲ್ಯೂಮಿನಿಯಂ ನೈಟ್ರೇಟ್‌ಗೆ ಮಾಡಿ ನೋಡಿ. 3 − 18 = −15, ಯೂರಿಯಾ 2.5 ಮೋಲ್. ಗ್ಲೈಸಿನ್ ಆದರೆ +9, ಸಿಟ್ರಿಕ್ ಆಸಿಡ್ +18, ಗ್ಲೂಕೋಸ್ +24. ಸೂತ್ರ ಗೊತ್ತಿದ್ದರೆ ಯಾವ ಇಂಧನಕ್ಕಾದರೂ ಅರ್ಧ ನಿಮಿಷದ ಕೆಲಸ.

ಈಗ ತೂಕಕ್ಕೆ ಬನ್ನಿ. ನಾವು 0.01 ಮೋಲ್‌ಗೆ ಮಾಡೋಣ. ಜಿಂಕ್ ನೈಟ್ರೇಟ್ ಹೆಕ್ಸಾಹೈಡ್ರೇಟ್‌ನ ಮೋಲಾರ್ ತೂಕ 297.5, ಹಾಗಾಗಿ 2.97 ಗ್ರಾಂ. ಯೂರಿಯಾದ್ದು 60.06, ಅದನ್ನು 0.0167ರಿಂದ ಗುಣಿಸಿದರೆ ಸರಿಯಾಗಿ 1.00 ಗ್ರಾಂ. ಕೊನೆಗೆ ಸಿಗಬೇಕಾದ ಜಿಂಕ್ ಆಕ್ಸೈಡ್ 0.81 ಗ್ರಾಂ. ಈ ಕೊನೆಯ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಮೊದಲೇ ಬರೆದಿಡಿ, ಆಮೇಲೆ ಕೆಲಸಕ್ಕೆ ಬರುತ್ತದೆ.

ಒಂದು ಗೊಂದಲದ ಬಗ್ಗೆ ಎಚ್ಚರಿಸಿಬಿಡುತ್ತೇನೆ. ಲೇಖನಗಳಲ್ಲಿ ಈ ಅನುಪಾತಕ್ಕೆ ಫೈ ಎಂಬ ಗುರುತು ಬಳಸುತ್ತಾರೆ. ಕೆಲವರು ಇಂಧನವನ್ನು ಮೇಲಿಟ್ಟು ಭಾಗಿಸುತ್ತಾರೆ, ಕೆಲವರು ಆಕ್ಸಿಡೈಸರನ್ನು (ಆಕ್ಸಿಜನ್ ಕೊಡುವುದು, ಇಲ್ಲಿ ನೈಟ್ರೇಟ್) ಮೇಲಿಡುತ್ತಾರೆ. ಒಬ್ಬರ 1.5 ಅಂದರೆ ಇಂಧನ ಜಾಸ್ತಿ, ಇನ್ನೊಬ್ಬರ 1.5 ಅಂದರೆ ಇಂಧನ ಕಡಿಮೆ. ಎರಡು ಲೇಖನಗಳ ಫಲಿತಾಂಶ ಹೋಲಿಸುವ ಮೊದಲು ಅವರು ಯಾವುದನ್ನು ಯಾವುದರಿಂದ ಭಾಗಿಸಿದ್ದಾರೆ ಎಂದು ಹುಡುಕಿ ನೋಡಿ. ನಿಮ್ಮ ವರದಿಯಲ್ಲಿ ಬರೀ ಫೈ ಬರೆಯಬೇಡಿ, ಗ್ರಾಂ ಲೆಕ್ಕವನ್ನೂ ಕೊಡಿ.

ಬಾಟಲಿಯೊಳಗಿನ ನೀರು

ಲೆಕ್ಕ ಸರಿ ಇದ್ದೂ ಪುಡಿ ಪ್ರತಿ ಸಲ ಬೇರೆ ಬೇರೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ನೈಟ್ರೇಟ್ ಬಾಟಲಿಯನ್ನು. ಜಿಂಕ್ ನೈಟ್ರೇಟ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಂಗಳೂರಿನಂಥ ಊರಲ್ಲಿ ಬಾಟಲಿ ತೆರೆದು ನಾಲ್ಕು ದಿನ ಅಸಡ್ಡೆ ಮಾಡಿದರೆ ಹರಳುಗಳು ಒದ್ದೆ ಗಟ್ಟಿಯಾಗಿರುತ್ತವೆ. ಆಗ ನೀವು ತೂಗುವ 2.97 ಗ್ರಾಂನಲ್ಲಿ ಸ್ವಲ್ಪ ಪಾಲು ಬರೀ ನೀರು. ನೈಟ್ರೇಟ್ ಕಡಿಮೆ, ಇಂಧನ ಅಷ್ಟೇ. ನಿಮಗೆ ಗೊತ್ತಿಲ್ಲದೆಯೇ ಇಂಧನದ ಪಾಲು ಜಾಸ್ತಿಯಾಗಿಬಿಟ್ಟಿರುತ್ತದೆ.

ಇದಕ್ಕೆ ಮದ್ದು ಬಿಎಸ್ಸಿಯಲ್ಲಿ ಎಲ್ಲರೂ ಮಾಡಿದ ಇಡಿಟಿಎ ಟೈಟ್ರೇಷನ್, ಅಂದರೆ ದ್ರಾವಣದಲ್ಲಿ ಲೋಹ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ. ಹರಳು ತೂಗುವ ಬದಲು ಸ್ಟಾಕ್ ದ್ರಾವಣ ಮಾಡಿಟ್ಟುಕೊಳ್ಳಿ. 14.87 ಗ್ರಾಂ ಕರಗಿಸಿ 100 ಮಿ.ಲೀ. ಮಾಡಿದರೆ ಹೆಚ್ಚುಕಡಿಮೆ 0.5 ಮೋಲಾರ್. ಅದರಲ್ಲಿ 5 ಮಿ.ಲೀ. ತೆಗೆದು 250 ಮಿ.ಲೀ.ಗೆ ತೆಳು ಮಾಡಿ. ಅದರಿಂದ 25 ಮಿ.ಲೀ. ಪಿಪೆಟ್ ಮಾಡಿ, ಪಿಎಚ್ 10ರ ಬಫರ್ ಹಾಕಿ, ಬಣ್ಣ ಬದಲಿಸುವ ಸೂಚಕ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಸೇರಿಸಿ, 0.01 ಮೋಲಾರ್ ಇಡಿಟಿಎ ಇಳಿಸಿ. ದ್ರಾಕ್ಷಾರಸದ ಕೆಂಪು ತಿರುಗಿ ನೀಲಿಯಾದಾಗ ನಿಲ್ಲಿಸಿ. ಬ್ಯೂರೆಟ್ 25 ಮಿ.ಲೀ. ತೋರಿಸಿದರೆ ಸ್ಟಾಕ್ ಸರಿಯಾಗಿ 0.5 ಮೋಲಾರ್. 24 ತೋರಿಸಿದರೆ 0.48. ಆಗ 0.01 ಮೋಲ್ ಬೇಕೆಂದರೆ 20 ಮಿ.ಲೀ. ಅಲ್ಲ, 20.8 ಮಿ.ಲೀ. ತೆಗೆಯಬೇಕು. ಒಂದು ಮಧ್ಯಾಹ್ನದ ಕೆಲಸ. ಆದರೆ ಆ ಬಾಟಲಿ ಮುಗಿಯುವವರೆಗೆ ನೆಮ್ಮದಿ.

ಯೂರಿಯಾ ಲ್ಯಾಬ್ ದರ್ಜೆಯದ್ದೇ ಇರಲಿ. ಗೊಬ್ಬರದ ಅಂಗಡಿಯಲ್ಲಿ ಸಿಗುವುದಕ್ಕೆ ಬೇವಿನೆಣ್ಣೆ ಲೇಪಿಸಿರುತ್ತಾರೆ. ಹೊಲಕ್ಕೆ ಒಳ್ಳೆಯದು, ನಿಮ್ಮ ಲೆಕ್ಕಕ್ಕೆ ಅಲ್ಲ.

ಬೆಂಕಿಗೆ ಮೊದಲು ಎಚ್ಚರ

ಹೊತ್ತುವ ಹೊತ್ತಿಗೆ ಕಂದು ಹೊಗೆ ಬರುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್. ಸಮೀಕರಣದಲ್ಲಿ ಬರೀ ನೈಟ್ರೋಜನ್ ಎಂದು ಬರೆದರೂ ನಿಜವಾದ ಬೆಂಕಿ ಅಷ್ಟು ಶಿಸ್ತಿನದ್ದಲ್ಲ. ಈ ಹೊಗೆಯ ಅಪಾಯ ಏನೆಂದರೆ, ಉಸಿರಾಡಿದ ಕೂಡಲೇ ದೊಡ್ಡ ತೊಂದರೆ ಕಾಣದೆ ಹೋಗಬಹುದು. ಗಂಟೆಗಳು ಕಳೆದ ಮೇಲೆ, ಕೆಲವೊಮ್ಮೆ ಮರುದಿನ, ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೊಗೆ ಕುಡಿದೆ ಅನ್ನಿಸಿದರೆ 'ಈಗ ಆರಾಮಾಗಿದ್ದೀನಿ' ಎಂದು ಸುಮ್ನೆ ಕೂರಬೇಡಿ, ವೈದ್ಯರಿಗೆ ತೋರಿಸಿ, ಯಾವ ಹೊಗೆ ಎಂದೂ ಹೇಳಿ. ಇಂಧನ ಜಾಸ್ತಿಯಾದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಬರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆದ್ದರಿಂದ ಫರ್ನೇಸು ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಒಳಗಿರಬೇಕು, ಇಲ್ಲವೇ ಅದರ ಮೇಲೆ ಚೆನ್ನಾಗಿ ಎಳೆಯುವ ಎಕ್ಸಾಸ್ಟ್ ಡಕ್ಟ್ ಇರಬೇಕು. ಎಷ್ಟೋ ಕಡೆ ಮಫಲ್ ಫರ್ನೇಸನ್ನು ಕೋಣೆಯ ಮೂಲೆಯ ಮೇಜಿನ ಮೇಲೆ ಇಟ್ಟಿರುತ್ತಾರೆ, ಪಕ್ಕದಲ್ಲೇ ಇನ್ನೊಬ್ಬರು ಕೂತು ಬರೆಯುತ್ತಿರುತ್ತಾರೆ. ನಿಮ್ಮಲ್ಲೂ ಹಾಗೇ ಇದ್ದರೆ ಈ ಪ್ರಯೋಗ ಅಲ್ಲಿ ಬೇಡ. ಕಿಟಕಿ ತೆರೆದರೆ ಸಾಕಾಗುವುದಿಲ್ಲ.

ಎರಡನೆಯದು ಪ್ರಮಾಣ. ನಮ್ಮ ನಾಲ್ಕು ಗ್ರಾಂ ಮಿಶ್ರಣದಿಂದ ಬರುವ ಅನಿಲ ಸೊನ್ನೆ ಡಿಗ್ರಿಯ ಲೆಕ್ಕದಲ್ಲಿ ಸುಮಾರು 1.7 ಲೀಟರ್. ಅದೇ ಅನಿಲ ಸಾವಿರ ಡಿಗ್ರಿಯಲ್ಲಿ ಎಂಟು ಲೀಟರ್ ಆಗುತ್ತದೆ, ಅದೂ ಕೆಲವೇ ಕ್ಷಣಗಳಲ್ಲಿ. ಪಾತ್ರೆಯ ಮೇಲೆ ಮುಚ್ಚಳ ಇಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಯಾವತ್ತೂ ಮುಚ್ಚಬೇಡಿ. ಪುಡಿ ಜಾಸ್ತಿ ಬೇಕು ಅಂತ ಹತ್ತು ಪಟ್ಟು ಹಾಕಲೂಬೇಡಿ. ರಾಶಿ ದೊಡ್ಡದಾದಷ್ಟೂ ಬಿಸಿ ಹೊರಹೋಗುವುದು ಕಷ್ಟವಾಗಿ ಉರಿ ಕೈಮೀರುತ್ತದೆ. ಹರಳುಗಳೂ ದಪ್ಪ ಆಗುತ್ತವೆ, ಹಾಗಾಗಿ ಅದರಿಂದ ಲಾಭವೂ ಇಲ್ಲ. ಹತ್ತು ಸಣ್ಣ ಬ್ಯಾಚ್ ಮಾಡಿ ಕೂಡಿಸುವುದೇ ಸರಿ.

ಇನ್ನು ಮುಖಕ್ಕೆ ಫೇಸ್ ಶೀಲ್ಡ್, ಕೈಗೆ ಬಿಸಿ ತಡೆಯುವ ಗ್ಲೌಸ್, ಹತ್ತಿಯ ಲ್ಯಾಬ್ ಕೋಟ್, ಉದ್ದ ಇಕ್ಕಳ. ಪಾಲಿಯೆಸ್ಟರ್ ಬಟ್ಟೆ ಬೇಡ. ನೈಟ್ರೇಟ್ ಮತ್ತು ಇಂಧನವನ್ನು ಒಣದಾಗಿ ಬೆರೆಸಿ ಖಲಬತ್ತಿನಲ್ಲಿ ಅರೆಯಬಾರದು. ಬತ್ತಿಸಿದ ಅಂಟನ್ನು ನಾಳೆಗೆಂದು ಎತ್ತಿಡಬಾರದು. ಅವತ್ತಿನದ್ದು ಅವತ್ತೇ ಮುಗಿಸಿ, ಇಲ್ಲವೇ ತುಂಬ ನೀರಿನಲ್ಲಿ ಕರಗಿಸಿ ವೇಸ್ಟ್ ಬಾಟಲಿಗೆ ಹಾಕಿ.

ಕೆಲಸ ಶುರು

1. ಫರ್ನೇಸನ್ನು 500 ಡಿಗ್ರಿಗೆ ಇಟ್ಟು ಅರ್ಧ ಗಂಟೆ ಬಿಡಿ. ಡಿಸ್ಪ್ಲೇ 500 ತೋರಿಸಿದ ಕೂಡಲೇ ಒಳಗಿನ ಇಟ್ಟಿಗೆಯೂ ಅಷ್ಟು ಬಿಸಿ ಆಗಿದೆ ಎಂದಲ್ಲ.

2. ಅಗಲ ಬಾಯಿಯ ಸಿಲಿಕಾ ಬಟ್ಟಲು ತೆಗೆದುಕೊಳ್ಳಿ. ಕಡಿಮೆ ಅಂದರೂ 150 ಮಿ.ಲೀ. ಹಿಡಿಯುವಂಥದ್ದಿರಲಿ, ಯಾಕೆಂದರೆ ಒಳಗಿನದ್ದು ಹಾಲು ಉಕ್ಕಿದ ಹಾಗೆ ಮೇಲೆ ಬರುತ್ತದೆ. ಬೋರೋಸಿಲಿಕೇಟ್ ಗಾಜಿನ ಬಟ್ಟಲಲ್ಲೂ ಮಾಡುವವರಿದ್ದಾರೆ. ಆದರೆ ಆ ಗಾಜಿಗೆ 500 ಡಿಗ್ರಿಯೇ ಮಿತಿ. ಸಿಲಿಕಾ ಇದ್ದರೆ ಅದೇ ಒಳ್ಳೆಯದು. ಖಾಲಿ ಬಟ್ಟಲನ್ನು ತೂಗಿ ಬರೆದುಕೊಳ್ಳಿ.

3. 2.97 ಗ್ರಾಂ ಜಿಂಕ್ ನೈಟ್ರೇಟ್, ಅಥವಾ ಲೆಕ್ಕ ಹಾಕಿದಷ್ಟು ಸ್ಟಾಕ್ ದ್ರಾವಣ ಹಾಕಿ. 1.00 ಗ್ರಾಂ ಯೂರಿಯಾ ಸೇರಿಸಿ. ಹರಳು ಬಳಸಿದ್ದರೆ 15 ಮಿ.ಲೀ. ಡಿಸ್ಟಿಲ್ಡ್ ನೀರು ಸೇರಿಸಿ. ಪೂರ್ತಿ ತಿಳಿಯಾಗುವವರೆಗೆ ಕಲಕಿ, ಹದಿನೈದು ನಿಮಿಷ ಸಾಕು. ಮಬ್ಬು ಕಂಡರೆ ಮುಂದೆ ಹೋಗಬೇಡಿ, ಹೊಸದಾಗಿ ಮಾಡಿ. ನಲ್ಲಿ ನೀರು ಬಳಸಿದರೆ ಅದರ ಕ್ಯಾಲ್ಸಿಯಂ ಕೂಡ ಪುಡಿಗೆ ಬರುತ್ತದೆ.

4. ಬೇಗ ಆಗಲೆಂದು ಮೊದಲೇ ಹಾಟ್ ಪ್ಲೇಟಿನ ಮೇಲೆ ಬತ್ತಿಸುವ ರೂಢಿ ಇದೆ. ಮಾಡುವುದಾದರೆ 80 ಡಿಗ್ರಿ ದಾಟಬೇಡಿ, ಅರ್ಧಕ್ಕೆ ಇಳಿದಾಗ ನಿಲ್ಲಿಸಿ. ಪೂರ್ತಿ ಒಣಗಿಸಿದರೆ ಪ್ಲೇಟಿನ ಮೇಲೇ ಹೊತ್ತಿಕೊಳ್ಳಬಹುದು. ನನ್ನ ಮಟ್ಟಿಗೆ ಈ ಹೆಜ್ಜೆ ಬೇಡವೇ ಬೇಡ, ದ್ರಾವಣವನ್ನು ನೇರವಾಗಿ ಫರ್ನೇಸಿಗೆ ಇಡಬಹುದು.

5. ಫ್ಯೂಮ್ ಹುಡ್ ಓಡುತ್ತಿದೆಯೇ ಎಂದು ಇನ್ನೊಮ್ಮೆ ನೋಡಿ. ಉದ್ದ ಇಕ್ಕಳದಿಂದ ಬಟ್ಟಲನ್ನು ಫರ್ನೇಸಿನ ಮಧ್ಯಕ್ಕೆ ಇಡಿ. ಬಾಗಿಲನ್ನು ಒರಗಿಸಿ, ಬಿಗಿ ಮಾಡಬೇಡಿ. ಅನಿಲಕ್ಕೆ ದಾರಿ ಬೇಕು. ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲಿ.

ಮೊದಲು ನೀರು ಕುದಿಯುತ್ತದೆ. ಆಮೇಲೆ ಗಟ್ಟಿಯಾಗಿ ನೊರೆ ಏಳುತ್ತದೆ. ಕಂದು ಹೊಗೆ ಕಂಡರೆ ನೈಟ್ರೇಟ್ ಒಡೆಯಲು ಶುರುವಾಗಿದೆ ಎಂದರ್ಥ. ಅದರ ಬೆನ್ನಲ್ಲೇ ಒಂದು ಮೂಲೆಯಲ್ಲಿ ಕಿಡಿ ಕಂಡು ಇಡೀ ನೊರೆಗೆ ಹರಡುತ್ತದೆ. ಕೆಲವೊಮ್ಮೆ ಜ್ವಾಲೆ ಏಳುತ್ತದೆ, ಕೆಲವೊಮ್ಮೆ ಕೆಂಡದ ಹಾಗೆ ಸದ್ದಿಲ್ಲದೆ ಸರಿದುಹೋಗುತ್ತದೆ. ಜಿಂಕ್ ಮತ್ತು ಯೂರಿಯಾ ಜೋಡಿಯಲ್ಲಿ ಎರಡನೆಯದನ್ನು ನೋಡಿದರೂ ಗಾಬರಿ ಬೇಡ. ಎಲ್ಲ ಸೇರಿ ಐದಾರು ನಿಮಿಷ, ಅದರಲ್ಲಿ ನಿಜವಾದ ಉರಿ ಕೆಲವೇ ಸೆಕೆಂಡು.

6. ಫರ್ನೇಸನ್ನು ಆಫ್ ಮಾಡಿ, ಬಟ್ಟಲು ಒಳಗೇ ತಣ್ಣಗಾಗಲಿ. ಬಿಸಿ ಇರುವಾಗ ಪುಡಿ ಹಳದಿ ಕಂಡರೆ ಏನೋ ಕೆಟ್ಟಿತು ಎಂದುಕೊಳ್ಳಬೇಡಿ. ಜಿಂಕ್ ಆಕ್ಸೈಡಿನ ಸ್ವಭಾವವೇ ಅದು, ಬಿಸಿಯಲ್ಲಿ ಹಳದಿ, ತಣಿದರೆ ಬಿಳಿ.

7. ಪುಡಿ ಬಲು ಹಗುರ, ಊದಿದರೆ ಹಾರುತ್ತದೆ. ಎನ್95 ಮಾಸ್ಕ್ ಹಾಕಿ, ಹುಡ್ ಒಳಗೇ ಬಟ್ಟಲಿನ ಸಮೇತ ತೂಗಲು ಅಣಿ ಮಾಡಿ. ಆಮೇಲೆ ಅಗೇಟ್ ಖಲಬತ್ತಿನಲ್ಲಿ ಮೆಲ್ಲಗೆ ಒಡೆಯಿರಿ. ಜೋರಾಗಿ ಅರೆಯುವ ಅಗತ್ಯವಿಲ್ಲ. ಚೆಲ್ಲಿದ್ದನ್ನು ಒಣ ಬಟ್ಟೆಯಿಂದ ಕೊಡವದೆ ಒದ್ದೆ ಬಟ್ಟೆಯಿಂದ ಒರೆಸಿ.

ಬಟ್ಟಲಿಗೆ ಅಂಟಿದ್ದು ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಕರಗುತ್ತದೆ. ಆ ನೀರನ್ನು ಸಿಂಕಿಗೆ ಸುರಿಯದೆ ಲೋಹದ ವೇಸ್ಟ್ ಬಾಟಲಿಗೆ ಹಾಕಿ. ನೈಟ್ರೇಟ್ ಒರೆಸಿದ ಟಿಶ್ಯೂ ಕಾಗದವನ್ನು ಹಾಗೇ ಕಸದ ಬುಟ್ಟಿಗೆ ಎಸೆಯಬೇಡಿ. ಒಣಗಿದರೆ ಅದೂ ಒಂದು ಇಂಧನ ಮಿಶ್ರಣವೇ. ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಪುಡಿಯನ್ನು ಓದುವುದು

ಮೊದಲ ಪರೀಕ್ಷೆ ತಕ್ಕಡಿಯದ್ದು. ಸಿಗಬೇಕಾದ್ದು 0.81 ಗ್ರಾಂ ಎಂದು ಬರೆದಿಟ್ಟಿದ್ದೆವಲ್ಲ? ಅದಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಸಹಜ, ಅನಿಲದ ಜೊತೆ ಪುಡಿಯೂ ಹಾರಿಹೋಗಿರುತ್ತದೆ. ಜಾಸ್ತಿ ಬಂದರೆ ಅನುಮಾನಿಸಿ. ಉರಿಯದ ನೈಟ್ರೇಟೋ, ಉಳಿದ ಕಾರ್ಬನ್ನೋ ಒಳಗಿದೆ.

ಎರಡನೆಯದು ಬಣ್ಣ. ತಣಿದ ಮೇಲೂ ಬೂದು ಅಥವಾ ಕಪ್ಪಾಗಿದ್ದರೆ ಕಾರ್ಬನ್ ಉಳಿದಿದೆ, ಇಂಧನ ಜಾಸ್ತಿಯಾಗಿದೆ. ಗಾಳಿಯಲ್ಲಿ 500 ಡಿಗ್ರಿಗೆ ಎರಡು ಗಂಟೆ ಸುಟ್ಟರೆ ಬೆಳ್ಳಗಾಗುತ್ತದೆ. ಇನ್ನಷ್ಟು ಬಿಳಿ ಆಗಲಿ ಎಂದು 800ಕ್ಕೆ ಏರಿಸಿದರೆ ಹರಳುಗಳು ಬೆಳೆದು ನ್ಯಾನೊ ಅನ್ನುವುದೇ ಹೋಗಿಬಿಡುತ್ತದೆ. ನೊರೆ ಎದ್ದೂ ಹೊತ್ತಿಕೊಳ್ಳದೆ ಗಟ್ಟಿ ಪದರವಾಗಿ ಉಳಿದಿದ್ದರೆ ಸಾಮಾನ್ಯವಾಗಿ ಇಂಧನ ತೀರಾ ಕಡಿಮೆ ಇರುತ್ತದೆ, ಇಲ್ಲವೇ ಫರ್ನೇಸು ಹೇಳಿದಷ್ಟು ಬಿಸಿ ಇರುವುದಿಲ್ಲ.

ಮೂರನೆಯದು ಎಕ್ಸ್‌ಆರ್‌ಡಿ, ಅಂದರೆ ಪುಡಿಯ ಮೇಲೆ ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ. ಜಿಂಕ್ ಆಕ್ಸೈಡಿನ ಮೂರು ಮುಖ್ಯ ಶಿಖರಗಳು ತಾಮ್ರದ ಎಕ್ಸ್‌ರೇಯಲ್ಲಿ 31.8, 34.4 ಮತ್ತು 36.3 ಡಿಗ್ರಿಯ ಹತ್ತಿರ ಬರುತ್ತವೆ. ಶಿಖರ ಅಗಲ ಆದಷ್ಟೂ ಹರಳು ಸಣ್ಣದು. ಶೆರರ್ ಸೂತ್ರದಲ್ಲಿ ಲೆಕ್ಕ ಹಾಕೋಣ. 36.25 ಡಿಗ್ರಿಯ ಶಿಖರದ ಅರ್ಧ ಎತ್ತರದಲ್ಲಿ ಅಗಲ 0.40 ಡಿಗ್ರಿ ಎಂದುಕೊಳ್ಳಿ. ರೇಡಿಯನ್‌ಗೆ ತಿರುಗಿಸಿದರೆ 0.00698. ಕೋನದ ಅರ್ಧ 18.1 ಡಿಗ್ರಿ, ಅದರ ಕೊಸೈನ್ 0.950. ಈಗ 0.9ನ್ನು ತರಂಗಾಂತರ 0.15406 ನ್ಯಾನೊಮೀಟರ್‌ನಿಂದ ಗುಣಿಸಿ, 0.00698 ಮತ್ತು 0.950ರ ಗುಣಲಬ್ಧದಿಂದ ಭಾಗಿಸಿ. ಉತ್ತರ ಸುಮಾರು 21 ನ್ಯಾನೊಮೀಟರ್. ರೇಡಿಯನ್‌ಗೆ ತಿರುಗಿಸಲು ಮರೆಯುವುದು, 18.1ರ ಬದಲು 36.25ರ ಕೊಸೈನ್ ಹಾಕುವುದು, ಯಂತ್ರದ್ದೇ ಆದ ಅಗಲವನ್ನು ಕಳೆಯದಿರುವುದು: ಪ್ರಾಜೆಕ್ಟ್ ವರದಿಗಳಲ್ಲಿ ಈ ಮೂರೂ ಕಾಣುತ್ತವೆ.

ಈ 21 ಅನ್ನುವುದು ಒಂದು ಹರಳಿನ ಅಳತೆ, ಕಣದ ಅಳತೆ ಅಲ್ಲ. ಒಂದು ಕಣದಲ್ಲಿ ಹತ್ತಾರು ಹರಳು ಅಂಟಿಕೊಂಡಿರಬಹುದು. ಪುಡಿಯ ಮೇಲ್ಮೈ ಅಳೆಯುವ ಬಿಇಟಿ ಯಂತ್ರ ಸಿಕ್ಕಿದರೆ ಇದನ್ನು ತಾಳೆ ನೋಡಬಹುದು. ಮೇಲ್ಮೈ ಗ್ರಾಂಗೆ 20 ಚದರ ಮೀಟರ್ ಬಂದಿದೆ ಎಂದುಕೊಳ್ಳಿ. 6000ವನ್ನು ಸಾಂದ್ರತೆ 5.61 ಮತ್ತು 20ರಿಂದ ಭಾಗಿಸಿದರೆ 53 ನ್ಯಾನೊಮೀಟರ್. ಎಕ್ಸ್‌ಆರ್‌ಡಿ 21 ಅನ್ನುತ್ತದೆ, ಬಿಇಟಿ 53 ಅನ್ನುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಹರಳುಗಳು ಗುಂಪಾಗಿ ಅಂಟಿವೆ ಅಷ್ಟೇ. ವರದಿಯಲ್ಲಿ ಎರಡನ್ನೂ ಕೊಡಿ.

ಯುವಿ ಸ್ಪೆಕ್ಟ್ರಮ್ ತೆಗೆದರೆ 370 ನ್ಯಾನೊಮೀಟರ್ ಹತ್ತಿರ ಹೀರಿಕೆ ಕಾಣಬೇಕು. ಅಲ್ಲಿ ಒಂದೆರಡು ನ್ಯಾನೊಮೀಟರ್ ಆಚೀಚೆ ಆದ ಕೂಡಲೇ 'ಕ್ವಾಂಟಮ್ ಪರಿಣಾಮ' ಎಂದು ಬರೆಯುವವರು ಬಹಳ. ಜಿಂಕ್ ಆಕ್ಸೈಡಿನಲ್ಲಿ ಎಕ್ಸೈಟಾನ್‌ನ (ಬೆಳಕು ಹೀರಿದಾಗ ಹುಟ್ಟುವ ಎಲೆಕ್ಟ್ರಾನ್ ಮತ್ತು ಅದು ಬಿಟ್ಟ ಖಾಲಿ ಜಾಗದ ಜೋಡಿ) ಬೋರ್ ತ್ರಿಜ್ಯ, ಅಂದರೆ ಆ ಜೋಡಿಯ ಹರವು, 2.3 ನ್ಯಾನೊಮೀಟರ್ ಆಸುಪಾಸು. 20 ನ್ಯಾನೊಮೀಟರ್ ಹರಳಿನಲ್ಲಿ ಆ ಪರಿಣಾಮ ಎದ್ದು ಕಾಣುವುದಿಲ್ಲ.

ಇಂಧನ ಬದಲಿಸಿದರೆ

ಯೂರಿಯಾದಲ್ಲಿ ಕೈ ಕೂತ ಮೇಲೆ ಗ್ಲೈಸಿನ್ ನೋಡಿ. 10ನ್ನು 9ರಿಂದ ಭಾಗಿಸಿದರೆ 1.11 ಮೋಲ್, ನಮ್ಮ ಅಳತೆಗೆ 0.83 ಗ್ರಾಂ. ಗ್ಲೈಸಿನ್ ಅಣುವಿನ ಒಂದು ತುದಿ ಆಮ್ಲ, ಇನ್ನೊಂದು ತುದಿ ಅಮೈನ್. ಹಾಗಾಗಿ ಲೋಹದ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ಬತ್ತುವಾಗ ಅವು ಬೇರೆಯಾಗಿ ಹರಳುಗಟ್ಟಲು ಬಿಡುವುದಿಲ್ಲ. ಎರಡು ಮೂರು ಲೋಹ ಸೇರಿದ ಆಕ್ಸೈಡ್ ಮಾಡುವಾಗ ಇದು ತುಂಬ ಉಪಯೋಗ. ಆದರೆ ಯೂರಿಯಾಕ್ಕಿಂತ ಬೇಗ, ಜೋರಾಗಿ ಹೊತ್ತಿಕೊಳ್ಳುತ್ತದೆ. ಮೊದಲ ಸಲ ಅರ್ಧ ಪ್ರಮಾಣದಲ್ಲಿ ಮಾಡಿ. ಸಿಟ್ರಿಕ್ ಆಸಿಡ್ ಇನ್ನೂ ಶಾಂತ, ಕಾರ್ಬನ್ ಮಾತ್ರ ಜಾಸ್ತಿ ಉಳಿಸುತ್ತದೆ.

ಒಂದೇ ಇಂಧನದಲ್ಲೂ ಪ್ರಮಾಣ ಬದಲಿಸಿ ನೋಡಬಹುದು. ಸಾಮಾನ್ಯವಾಗಿ ಸರಿದೂಗಿದ ಅನುಪಾತದ ಹತ್ತಿರ ಉರಿ ಅತಿ ಬಿಸಿ, ಹರಳು ದೊಡ್ಡದು. ಇಂಧನ ಕಡಿಮೆ ಮಾಡಿದರೆ ಬಿಸಿ ಇಳಿದು ಹರಳು ಸಣ್ಣದಾಗುತ್ತದೆ, ತೀರಾ ಕಡಿಮೆ ಮಾಡಿದರೆ ಹೊತ್ತಿಕೊಳ್ಳುವುದೇ ಇಲ್ಲ.

ಈಚೆಗೆ ಎಲೆಯ ರಸವನ್ನು ಇಂಧನವಾಗಿ ಬಳಸುವುದು ಚಾಲ್ತಿಯಲ್ಲಿದೆ. ಬೇವು, ತುಳಸಿ, ನುಗ್ಗೆ, ಕೈಗೆ ಸಿಕ್ಕಿದ್ದೆಲ್ಲ ಆಗಿದೆ. ಪುಡಿ ಬರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ರಸದಲ್ಲಿ ಏನು ಎಷ್ಟಿದೆ ಎಂದು ಗೊತ್ತಿಲ್ಲದೆ ಮೇಲಿನ ಲೆಕ್ಕ ಹಾಕುವುದು ಹೇಗೆ? ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ರಸ ಒಂದೇ ಇರುವುದಿಲ್ಲ. ನೈಟ್ರೇಟ್ ಹಾಕಿ, ಕಂದು ಹೊಗೆ ಬಿಟ್ಟು, ಫರ್ನೇಸಿನಲ್ಲಿ ಸುಟ್ಟದ್ದನ್ನು 'ಹಸಿರು ವಿಧಾನ' ಅನ್ನುವುದೂ ನನಗೆ ಒಪ್ಪಿಗೆಯಾಗುವುದಿಲ್ಲ. ಮಾಡಲೇಬೇಕೆಂದಿದ್ದರೆ ರಸವನ್ನು ಒಣಗಿಸಿ, ಪುಡಿಯನ್ನು ತೂಗಿ, ಅದರ ಕಾರ್ಬನ್, ಹೈಡ್ರೋಜನ್, ನೈಟ್ರೋಜನ್ ಪ್ರಮಾಣ ಅಳೆಸಿಕೊಳ್ಳಿ. ಆಗ ಲೆಕ್ಕಕ್ಕೆ ಒಂದು ಆಧಾರ ಸಿಗುತ್ತದೆ.

ಆಕ್ಸೈಡ್ ಬೇಡ, ಲೋಹವೇ ಬೇಕಾದರೆ

ಇಲ್ಲಿಯವರೆಗೆ ಮಾಡಿದ್ದು ಲೋಹದ ಆಕ್ಸೈಡ್. ಈ ದಾರಿಯಲ್ಲಿ ಜಿಂಕ್ ಲೋಹ ಸಿಗುವುದಿಲ್ಲ, ಆಕ್ಸಿಜನ್ ಮೇಲೆ ಜಿಂಕಿಗೆ ಅಷ್ಟು ಬಿಗಿ ಹಿಡಿತ. ಬೆಳ್ಳಿಯದ್ದು ಇದಕ್ಕೆ ವಿರುದ್ಧ. ಬೆಳ್ಳಿಯ ಆಕ್ಸೈಡ್ ಕೆಲವು ನೂರು ಡಿಗ್ರಿಯಲ್ಲೇ ತಾನಾಗಿ ಒಡೆದು ಲೋಹವಾಗುತ್ತದೆ, ಹಾಗಾಗಿ ಉರಿ ಮುಗಿಯುವಾಗ ಉಳಿಯುವುದು ಬೆಳ್ಳಿಯೇ.

ನಿಕ್ಕಲ್ ಇವೆರಡರ ನಡುವಿನದ್ದು. ನಿಕ್ಕಲ್ ನೈಟ್ರೇಟ್‌ಗೆ ಗ್ಲೈಸಿನ್ ಸರಿದೂಗುವಷ್ಟು ಹಾಕಿದರೆ ನಿಕ್ಕಲ್ ಆಕ್ಸೈಡ್. ಅದಕ್ಕಿಂತ ಸಾಕಷ್ಟು ಜಾಸ್ತಿ ಹಾಕಿದರೆ ನಿಕ್ಕಲ್ ಲೋಹ. ಅಮೆರಿಕದ ನೋಟರ್ ಡೇಮ್ ವಿಶ್ವವಿದ್ಯಾಲಯದ ಕುಮಾರ್, ವುಲ್ಫ್ ಮತ್ತು ಮುಕಸ್ಯಾನ್ 2011ರಲ್ಲಿ ಇದರ ಹೆಜ್ಜೆಗಳನ್ನು ಬಿಡಿಸಿ ತೋರಿಸಿದರು. ಮೊದಲು ಆಕ್ಸೈಡೇ ಆಗುತ್ತದೆ. ಮಿಕ್ಕ ಗ್ಲೈಸಿನ್ ಒಡೆದು ಹೊರಬರುವ ಅಪಕರ್ಷಕ ಅನಿಲಗಳು ಅದರ ಆಕ್ಸಿಜನ್ ಕಿತ್ತುಕೊಳ್ಳುತ್ತವೆ. ಜಿಂಕ್‌ನಲ್ಲಿ ತೊಂದರೆ ಕೊಟ್ಟ ಹೆಚ್ಚುವರಿ ಇಂಧನ ಇಲ್ಲಿ ಬೇಕೇ ಬೇಕು.

ಬೆಂಗಳೂರಿನಲ್ಲೇ ಇನ್ನೊಂದು ದಾರಿಯೂ ಬೆಳೆಯಿತು. ಎಂ. ಎಸ್. ಹೆಗ್ಡೆ ಅವರ ತಂಡ ಪಾಟೀಲರ ಜೊತೆ ಸೇರಿ ಸೀರಿಯಮ್ ಆಕ್ಸೈಡಿನೊಳಗೆ ಪ್ಲಾಟಿನಮ್, ಪೆಲೇಡಿಯಮ್ ಅಯಾನುಗಳನ್ನು ಇದೇ ದಹನದಿಂದ ಕೂರಿಸಿತು. ಇಂಧನ ಆಕ್ಸಲಿಲ್ ಡೈಹೈಡ್ರಜೈಡ್. ದುಬಾರಿ ಲೋಹವನ್ನು ಕಣವಾಗಿ ಮೇಲೆ ಮೆತ್ತುವ ಬದಲು ಅಯಾನಾಗಿ ಆಕ್ಸೈಡಿನ ಜಾಲದೊಳಗೇ ಹಂಚಿದರೆ ಸ್ವಲ್ಪದರಲ್ಲೇ ಜಾಸ್ತಿ ಕೆಲಸ ಆಗುತ್ತದೆ. ವಾಹನದ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟಿಗೆ ಬೇಕಾದದ್ದು ಅದೇ.

ನಿಕ್ಕಲ್ ಪ್ರಯೋಗ ಓದಿ ಆಸೆಯಾದರೆ ಒಂದು ಮಾತು. ನಿಕ್ಕಲ್ ಸಂಯುಕ್ತಗಳು ಕ್ಯಾನ್ಸರ್ ತರುವಂಥವು. ಹೊಸದಾಗಿ ತಯಾರಾದ ಸಣ್ಣ ನಿಕ್ಕಲ್ ಪುಡಿ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಜಡ ಅನಿಲದ ವ್ಯವಸ್ಥೆಯೂ ಅದನ್ನು ಮಾಡಿ ಅನುಭವ ಇರುವ ಮಾರ್ಗದರ್ಶಕರೂ ಇಲ್ಲದೆ ಅದಕ್ಕೆ ಕೈ ಹಾಕಬೇಡಿ. ಅದಕ್ಕೆ ಮುಂಚೆ ಜಿಂಕ್ ಆಕ್ಸೈಡನ್ನೇ ಒಂದೇ ತೂಕ, ಒಂದೇ ಬಟ್ಟಲು, ಒಂದೇ ಬಿಸಿಯಲ್ಲಿ ಮೂರು ಬ್ಯಾಚ್ ಮಾಡಿ. ಮೂರರ ಎಕ್ಸ್‌ಆರ್‌ಡಿ ಅಳತೆಯೂ ಒಂದೆರಡು ನ್ಯಾನೊಮೀಟರ್ ಒಳಗೆ ಬಂದರೆ ಮುಂದಿನ ಲೋಹಕ್ಕೆ ಹೋಗಬಹುದು. ಬರದಿದ್ದರೆ ಇಡಿಟಿಎ ಬ್ಯೂರೆಟ್ಟಿಗೆ ವಾಪಸ್ ಹೋಗಿ.